ಕೋನಪ್ಪನವರು ಪಾರ್ಕಿಗೆ ಬಾರದ ದಿನಗಳು

ನವೆಂಬರ್ 4, ಸೋಮವಾರ, ಬೆಳಿಗ್ಗೆ 9

ಪಾರ್ಕಿನಿಂದ ಈಗ ಬಂದೆವು. ಇವರಿಗೆ ಇನ್‌ಹೇಲರ್ ಕೊಟ್ಟು, ಇಡ್ಲಿ ಹಬೆಗಿಟ್ಟು ಬರೆಯುತ್ತಿದ್ದೇನೆ. ಇವತ್ತೂ ಅದೇ — ಕಲ್ಲುಬೆಂಚಿನಲ್ಲಿ ಇವರ ಪಕ್ಕ ಕೋನಪ್ಪನವರು, ಕೈಯಲ್ಲಿ ಬೀಡಿ. ಇವರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತರಾಗಿದ್ದಾಗ ಅವರು ಗೂಡು ಕೊಂಡು ನೂಲು ತೆಗೆಯುವ ರೀಲರ್. ಮೂವತ್ತು ವರ್ಷದ ಸ್ನೇಹ. ಆ ಹೊಗೆಯಲ್ಲೇ ಕೂತು ಇವರು ನಗುತ್ತಾರೆ, ಮನೆಗೆ ಬಂದು ಕೆಮ್ಮುತ್ತಾರೆ. ಶ್ವಾಸಕೋಶ ಅರ್ಧ ಹೋಗಿದೆ ಎಂದು ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ ನೆನಪು.

ಎದುರು ಮನೆ ಪವಿತ್ರ ನಗರಸಭೆಗೆ ಅರ್ಜಿ ಬರೆದಿದ್ದಾಳೆ — ಪಾರ್ಕಿನಲ್ಲಿ ಬೀಡಿ, ಸಿಗರೇಟು ನಿಲ್ಲಿಸಿ ಎಂದು. ಅವಳ ಮಗು ಜಾರುಬಂಡೆ ಹತ್ತಿರ ಸಿಕ್ಕ ಸಿಗರೇಟಿನ ತುಂಡು ಬಾಯಿಗಿಟ್ಟುಕೊಂಡಿತ್ತಂತೆ. ಮೊದಲ ಸಹಿ ನನ್ನದು. ಇವರಿಗೆ ಹೇಳಿಲ್ಲ.

ನವೆಂಬರ್ 19, ಮಂಗಳವಾರ

ಪಾರ್ಕಿಗೆ 'ಧೂಮಪಾನ ನಿಷೇಧ' ಬೋರ್ಡು ಬಂತು. ಹೆಲ್ತ್ ಇನ್‌ಸ್ಪೆಕ್ಟರೂ ಬಂದರು. ಹುಡುಗರು ಸಿಗರೇಟು ಎಸೆದು ಓಡಿದರು. ಕೋನಪ್ಪನವರಿಗೆ ಓಡಲಾಗಲಿಲ್ಲ. ಎಲ್ಲರೆದುರು ದಂಡದ ರಸೀದಿ.

"ಹೆಸರು ಸರ್ಯಾಗಿ ಬರ್ಕೊಳ್ಳಪ್ಪ" ಎಂದು ನಗಲು ನೋಡಿದರು. ಬೀಡಿಕಟ್ಟು ಜೇಬಿಗಿಟ್ಟು, ರಸೀದಿಯನ್ನು ನಾಲ್ಕು ಮಡಿಕೆ ಮಾಡಿದರು. ನಾನು ಬೇರೆ ಕಡೆ ನೋಡಿದೆ. ಖುಷಿಯಾಗಬೇಕಿತ್ತು…

ನವೆಂಬರ್ 27

ಎಂಟು ದಿನ. ಕೋನಪ್ಪನವರ ಸುಳಿವಿಲ್ಲ. ಹೊಗೆಯೂ ಇಲ್ಲ. ಇವರು ಹತ್ತು ನಿಮಿಷ ಕೂತು "ನಡಿ ಮನೆಗೆ" ಎನ್ನುತ್ತಾರೆ.

ಡಿಸೆಂಬರ್ 3

ಇವರೂ ಪಾರ್ಕಿಗೆ ಬರುವುದನ್ನೇ ಬಿಟ್ಟರು. ಕೆಮ್ಮು ಕಡಿಮೆ. ಮಾತೂ ಕಡಿಮೆ. ತಡೆಯಲಾಗದೆ ಹೇಳಿಬಿಟ್ಟೆ.

"ಅರ್ಜೀಲಿ ಮೊದಲ್ನೇ ಸೈನು ನಂದೇ ಕಣ್ರೀ."

"ಒಂದ್ಮಾತು ಹೇಳಿದ್ರೆ ನಾನೇ ಕೋನಪ್ಪಂಗೆ ಬೇಡ ಅಂತಿದ್ದೆನಲ್ಲ, ಶ್ಯಾಮಲಾ."

"ಅಂತಿದ್ರಾ?"

ಕೈಲಿದ್ದ ಪೇಪರು ಮಡಚಿಟ್ಟರು. ಆಮೇಲೆ, "ಇಲ್ಲ" ಎಂದರು.

ಡಿಸೆಂಬರ್ 8, ಭಾನುವಾರ

ಕೋನಪ್ಪನವರ ಮನೆಗೆ ಹೋದೆ. ದಿಬ್ಬೂರಹಳ್ಳಿ ರಸ್ತೆ. ಒಬ್ಬಳೇ. ಸಹಿಯ ವಿಷಯ ಹೇಳಿದೆ. ಬಯ್ಯಲಿ ಎಂದೇ ಹೋಗಿದ್ದು.

"ಒಳ್ಳೇದೇ ಮಾಡಿದ್ರಿ ಬಿಡಮ್ಮ. ದಂಡಕ್ಕೆ ಹೆದ್ರಿ ಅಲ್ಲ ನಾನು ಬರ್ದೇ ಇರೋದು. ಬೀಡಿ ಇಲ್ದೆ ಅರ್ಧ ಗಂಟೆ ಕೂರಕ್ಕಾಗಲ್ಲ ನಂಗೆ. ಕೇಶವಣ್ಣನ ಮುಂದೆ ಗಳಿಗೆಗೊಂದ್ಸಲ ಎದ್ದು ಹೋಗೋದು… ಸಿಗ್ಗಾಗ್ತದೆ ಕಣಮ್ಮ."

"ಎದ್ದು ಹೋಗಿ, ಸೇದ್ಬಿಟ್ಟು ಬನ್ನಿ. ನಮ್ಮನೆಯವರು ಕಾಯ್ತಾರೆ."

ಬರ್ತೀನಿ ಎನ್ನಲಿಲ್ಲ. ಕಾಫಿ ತರಿಸಿದರು. ಕುಡಿದು ಬಂದೆ.

ಡಿಸೆಂಬರ್ 11, ಬುಧವಾರ

ಬಂದರು!

ನಾನು ಬಲವಂತ ಮಾಡಿ ಇವರನ್ನು ಪಾರ್ಕಿಗೆ ಕರೆದೊಯ್ದಿದ್ದೆ. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ, ಹೆಣ್ಣು ನೋಡಲು ಬಂದ ಬೀಗರಂತೆ. ಕಾಲು ಗಂಟೆಗೆ ಕೋನಪ್ಪನವರು ಎದ್ದು ಗೇಟಿನಾಚೆ ಹೋದರು. ಬಂದರು. ಮತ್ತೆ ಹೋದರು. ಮೂರನೇ ಸಲ ಇವರೂ ಎದ್ದರು. ಇಪ್ಪತ್ತು ಹೆಜ್ಜೆಗೆ ಏದುಸಿರು ಬಿಡುವವರು ನಿಂತು ನಿಂತು ಗೇಟು ಮುಟ್ಟಿದರು. ಆಚೆ ಅವರು, ಈಚೆ ಇವರು, ನಡುವೆ ಕಂಬಿ. ಹೊಗೆಗೆ ಕಂಬಿ ಯಾವ ಲೆಕ್ಕ? ಕರೆತರೋಣವೆಂದು ಎದ್ದು ನಡೆದೆ.

ಕೋನಪ್ಪನವರು ನನ್ನನ್ನು ಕಂಡರು. ಬೀಡಿ ಅರ್ಧವೂ ಉರಿದಿರಲಿಲ್ಲ — ಚಪ್ಪಲಿಯಡಿ ಹೊಸಕಿದರು. ಇವರೇನೋ ಅಂದರು. ಇಬ್ಬರೂ ನಕ್ಕರು. ಜೋರಾಗಿ. ವಾಕಿಂಗಿನವರು ತಿರುಗಿ ನೋಡುವಷ್ಟು. ನಾನು ಅರ್ಧ ದಾರಿಯಿಂದಲೇ ವಾಪಸು ಬಂದು ಕೂತೆ. ಕರೆಯಬೇಕಿತ್ತೋ, ಬಿಟ್ಟಿದ್ದೇ ಸರಿಯೋ — ಈಗಲೂ ತಿಳಿಯದು.

ಇವರು ಒಳಗಿಂದ ಕೂಗುತ್ತಿದ್ದಾರೆ. ನಾಳೆ ಇನ್ನೂ ಬೇಗ ಹೋಗಣ ಅಂತೆ. ಆರಕ್ಕೇ. ಚಳಿ ಅಂದರೆ ಕೇಳುತ್ತಿಲ್ಲ. ಮಫ್ಲರ್ ಎಲ್ಲಿ ಅಂತ ಬೀರು ಎಲ್ಲಾ ಕೆದಕಿ—