ಜಾಯಿಂಟ್ ಇಲ್ಲದ ಪೈಪು

ಮಾರ್ಚ್ 3, ಸೋಮವಾರ

ಪ್ರೆಸ್ಸಿನಿಂದ ನೇರ ಆಸ್ಪತ್ರೆಗೆ. ಇವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಸೊಂಟದ ಆಪರೇಷನ್ ಆದಾಗಲೂ ಅಳದವಳು ಇವತ್ತು ಅತ್ತಳು. ಆಯಾ ಸ್ನಾನ ಮಾಡಿಸಿದಳಂತೆ. ಪರದೆ ಅರ್ಧ ತೆರೆದೇ ಇತ್ತಂತೆ.

"ಮನೆಗೆ ಬಂದ್ಮೇಲೆ ನನ್ನ ಸ್ನಾನ ನಾನೇ ಮಾಡ್ಕೋಬೇಕು ರೀ. ಅಮ್ಮನೂ ಬೇಡ, ನೀವೂ ಬೇಡ."

ಹೂಂ ಅಂದೆ. ಬಚ್ಚಲು ಮಹಡಿ ಮೇಲಿದೆ. ಡಾಕ್ಟರು ಮೆಟ್ಟಿಲು ಹತ್ತಕೂಡದು ಎಂದಿದ್ದಾರೆ. ಹೂಂ ಅಂದುಬಿಟ್ಟೆನಲ್ಲ...

ಮಾರ್ಚ್ 5

ಅಡುಗೆಮನೆ ಪಕ್ಕದ ಸ್ಟೋರ್ ರೂಮು. ಹಿಂದೆ ಪಾತ್ರೆ ತೊಳೆಯುತ್ತಿದ್ದ ಜಾಗ, ಮೋರಿ ಈಗಲೂ ಇದೆ. ನೀರೊಂದು ಬಂದರೆ ಬಚ್ಚಲಾಯಿತು. ಪ್ಲಂಬರ್ ಬಂದು ನೋಡಿದ, ತಲೆ ಕೆರೆದುಕೊಂಡ, ಬರುವ ತಿಂಗಳು ನೋಡೋಣ ಎಂದ. ಇವಳು ಬರುವುದು ಮುಂದಿನ ವಾರ.

ಹಾರ್ಡ್‌ವೇರ್ ಅಂಗಡಿಯವರು ಸುರುಳಿ ಸುತ್ತಿದ ಪ್ಲಾಸ್ಟಿಕ್ ಪೈಪು ತೋರಿಸಿದರು. ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ.

"ಬಗ್ಗುತ್ತೆ ಸಾರ್. ಮೂಲೆಮೂಲೆಗೂ ಜಾಯಿಂಟ್ ಹಾಕೋ ತಾಪತ್ರಯ ಇಲ್ಲ. ಒಂದೇ ತುಂಡು ಎಳ್ಕೊಂಡು ಹೋಗಿ. ಗಡಿಬಿಡಿ ಮಾತ್ರ ಮಾಡ್ಬೇಡಿ."

ತಂದೇಬಿಟ್ಟೆ. ಪ್ರೂಫ್ ತಿದ್ದುವ ಕೈ ಇದು. ನೋಡೋಣ.

ಮಾರ್ಚ್ 8, ಶನಿವಾರ

ಕಟ್ಟು ಬಿಚ್ಚಿದ್ದೇ ತಡ, ಪೈಪು ಚಿಮ್ಮಿ ಕನ್ನಡಕ ಹಾರಿಸಿತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಗಳಿಗೆ ಹುಷಾರಿಲ್ಲವೆಂದು ಬಂದಿದ್ದಾರೆ. ನನ್ನೊಡನೆ ನೇರ ಮಾತಿಲ್ಲ. ಮದುವೆಯಾದಾಗಿನಿಂದ ಅವರು ಗೋಡೆಗೆ ಹೇಳುವುದು, ನಾನು ಕೇಳಿಸಿಕೊಳ್ಳುವುದು.

"ಮೊಳೆ ಹೊಡೆಯೋಕೆ ಬಾರದವರು ಬಚ್ಚಲು ಕಟ್ತಾರಂತೆ," ಎಂದರು ಗೋಡೆಗೆ.

ಆಮೇಲೆ ಒಳಗೆ ಬಂದು, ಸೀರೆ ಸರಿಮಾಡಿಕೊಂಡು, ಸುರುಳಿಯ ಮೇಲೆ ಕೂತೇಬಿಟ್ಟರು. ಪೈಪು ತೆಪ್ಪಗಾಯಿತು. ನಾನು ಎಳೆದೆ.

ಮೂಲೆಯಲ್ಲಿ ಆತುರಪಟ್ಟೆ. ಕೆಂಪು ಪೈಪು ಲಟಕ್ಕನೆ ಮಡಚಿಕೊಂಡಿತು. ಆ ಭಾಗ ಕತ್ತರಿಸಿ, ನಡುವೆ ಜಾಯಿಂಟ್ ಇಟ್ಟು, ಲೋಹದ ಉಂಗುರ ತೂರಿಸಿ ಅದುಮಿದೆ. ಮೇಲೆ ಸಿಮೆಂಟು ಮೆತ್ತಿದೆ. ಈಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾರ್ಚ್ 12

ನೀರು ಬಂತು! ಷವರಿನಲ್ಲಿ, ಬಿಸಿಬಿಸಿ. ಇವಳಿಗೆ ಫೋನ್ ಹಚ್ಚಿ ಸದ್ದು ಕೇಳಿಸಿದೆ. "ಇನ್ನೊಂದ್ಸಲ ಬಿಡಿ," ಎಂದಳು.

ಮಾರ್ಚ್ 13

ಮೂಲೆಯಲ್ಲಿ ಅಂಗೈಯಗಲ ತೇವ. ಹಸಿ ಸಿಮೆಂಟು, ಆರುತ್ತದೆ.

ಮಾರ್ಚ್ 14

ಆರಲಿಲ್ಲ. ನೆಲಕ್ಕೂ ಇಳಿದಿದೆ. ನಾಳೆ ಡಿಸ್ಚಾರ್ಜು. ಸದ್ಯಕ್ಕೊಂದು ಮ್ಯಾಟ್ ಹಾಸಿದರಾಯಿತು ಎಂದೆ. ಅತ್ತೆ ಗೋಡೆ ನೋಡಲಿಲ್ಲ. ನನ್ನನ್ನೇ ನೋಡಿದರು.

"ಅಳಿಯಂದ್ರೇ, ಅವಳು ಜಾರಿದ್ರೆ?"

ಅಷ್ಟೇ. ಹೋಗಿ ಸುತ್ತಿಗೆ ತಂದುಕೊಟ್ಟರು.

ಒಡೆದೆ. ಉಂಗುರ ಓರೆಯಾಗಿ ಕೂತಿತ್ತು, ಪಕ್ಕದಿಂದ ಹನಿ. ಕೆಂಪು ಪೈಪು ಪೂರ್ತಿ ಕಿತ್ತು ಹೊಸದು, ಒಂದೇ ತುಂಡು. ಮೂಲೆ ಬಂದಾಗ ಮತ್ತೆ ಎಳೆಯಹೋದೆ. ಅತ್ತೆ ಪಕ್ಕದಲ್ಲಿ ಕೂತು ಎರಡೂ ಕೈಯಿಂದ ಹಿಡಿದರು, ಎಳೆಗೂಸಿನ ಕತ್ತಿಗೆ ಕೈ ಕೊಟ್ಟ ಹಾಗೆ.

"ಎಳೀಬೇಡಿ. ಬರತ್ತೆ, ತಾಳಿ... ಹಾಂ, ಇನ್ನು ಚೂರು."

ದೊಡ್ಡ ಬಾಗು ತೆಗೆದುಕೊಂಡು ಬಂತು. ಮಡಚಲಿಲ್ಲ. ಗೋಡೆ ಮುಚ್ಚಲಿಲ್ಲ, ಕಾಣುತ್ತಲೇ ಇರಲಿ. ಕೆಳಗೆ ಪೇಪರ್ ಹಾಸಿ, ನೀರು ಬಿಟ್ಟು, ಇಬ್ಬರೂ ನೆಲದ ಮೇಲೇ ಕೂತು ಕಾದೆವು. ಇವಳು ಚಿಕ್ಕವಳಿದ್ದಾಗ ಸ್ನಾನಕ್ಕೆ ಕರೆದರೆ ಮಂಚದಡಿ ಅಡಗುತ್ತಿದ್ದ ಕಥೆಯನ್ನು ಅತ್ತೆ ಹೇಳಿದರು. ನಗು ತಡೆಯಲಾಗಲಿಲ್ಲ. ಟೀ ಆರಿಹೋಯಿತು. ಪೇಪರ್ ಒಣಗಿಯೇ ಇತ್ತು.

ಮಾರ್ಚ್ 16, ಬೆಳಿಗ್ಗೆ ಹತ್ತು

ನಿನ್ನೆ ಬಂದಳು. ದಾರಿಯ ಸುಸ್ತು, ಬರೀ ನಿದ್ದೆ. ಈಗ ವಾಕರ್ ಹಿಡಿದು ಒಳಗೆ ಹೋಗಿದ್ದಾಳೆ. ಸ್ಟೂಲ್ ಇದೆ, ಗೋಡೆಗೆ ಹಿಡಿಕೆ ಇದೆ. ಚಿಲಕ ಹಾಕಬೇಡ ಅಂದೆ. ಹಾಕಿಕೊಂಡಳು.

ನಾನು ಅಡುಗೆಮನೆಯಲ್ಲಿ, ಕೈಗೇನಾದರೂ ಕೆಲಸ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಕೆಳಗಿನ ಮೆಟ್ಟಿಲ ಮೇಲೆ. ನೀರಿನ ಸದ್ದು ಬರುತ್ತಿದೆ.

ನಿಂತಿತು.

ಅತ್ತೆ ಎದ್ದರು. ನಾನೂ ಎದ್ದೆ. ಬಾಗಿಲ ಬಳಿ ಇಬ್ಬರೂ ಕಿವಿಗೊಟ್ಟು...

"ಇಬ್ರೂ ಹೋಗಿ ಕೂತ್ಕೊಳ್ಳಿ. ಸೋಪು ಹಚ್ಕೋತಿದೀನಿ."

ಬಂದು ಕೂತೆವು. ಮತ್ತೆ ನೀರು ಬಿಟ್ಟಳು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಾರೆ, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದು. ಒಳಗೆ ಏನೋ ಗುನುಗುತ್ತಿದ್ದಾಳೆ, ಯಾವ ಹಾಡು ಅದು —