ನೆಲದ ಮೇಲಿನ ಗೆರೆ

ಜುಲೈ ೧೦, ಗುರುವಾರ

ಪಕ್ಕದ ತರಗತಿಯ ಗಲಾಟೆಗೆ ನನ್ನ ರೇಖಾಗಣಿತದ ಪಾಠ ಕೆಟ್ಟಿತೆಂದು ಜಗಳಕ್ಕೇ ಹೋಗಿದ್ದೆ. ಅಲ್ಲಿ ಸಮಾಜದ ಮೇಡಂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಡಿ ಎಳೆದು ಕೋಣೆಯನ್ನು ಎರಡು ದೇಶ ಮಾಡಿದ್ದರು. ಗಡಿ ಇಬ್ಬರು ಗೆಳತಿಯರ ಬೆಂಚಿನ ನಡುವೆಯೇ ಹಾದುಹೋಗಿತ್ತು.

"ಗೆರೆ ಎಳೆಯೋ ಮುಂಚೆ ನಮ್ಮನ್ನ ಯಾಕೆ ಕೇಳ್ಲಿಲ್ಲ?" ಎಂದು ಒಬ್ಬಳು ಸಿಡುಕಿದಳು.

"ನಲವತ್ತೇಳರಲ್ಲಿ ದೇಶ ಒಡೆದಾಗ ಯಾರಾದ್ರೂ ಜನರನ್ನ ಕೇಳಿದ್ರಾ? ಪಾಠದಲ್ಲಿ ಹುಡುಕಿ ನೋಡೋಣ" ಎಂದರು ಮೇಡಂ. ಮೂವತ್ತೆಂಟು ಪುಸ್ತಕಗಳು ಒಟ್ಟಿಗೆ ತೆರೆದುಕೊಂಡವು. ನಾನು ಬಂದ ಕೆಲಸ ಮರೆತು ಬಾಗಿಲಲ್ಲೇ ನಿಂತೆ.

ಇಪ್ಪತ್ತೆರಡು ವರ್ಷದಿಂದ ನಾನೂ ಗೆರೆ ಎಳೆಯುತ್ತಿದ್ದೇನೆ. ಒಬ್ಬರೂ ಹೀಗೆ ಸಿಟ್ಟಾಗಿಲ್ಲ. ಹೊಟ್ಟೆಕಿಚ್ಚೇ? ಹೌದು. ಈ ಡೈರಿಯನ್ನು ಯಾರು ಓದುತ್ತಾರೆ, ಒಪ್ಪಿಕೊಳ್ಳಬಹುದು.

ಸಂಜೆ ಆಯಾ ನೆಲ ಒರೆಸಿ ಹೋದ ಮೇಲೆ ಸುಮ್ಮನೆ ಆ ಕೋಣೆಗೆ ಹೋದೆ. ಗೆರೆ ಇರಲಿಲ್ಲ. ಆದರೂ ಆ ಜಾಗ ಬಂದಾಗ ಕಾಲೆತ್ತಿ ದಾಟಿದೆ.