ರಾತ್ರಿಯೂಟದ ಉಪ್ಪು

ಡೊಂಬಿವಲಿ ಪೂರ್ವ,
೧೭ ನವೆಂಬರ್ ೨೦೨೫, ಸೋಮವಾರ

ಅಮ್ಮೂ, ನನ್ನ ಬಂಗಾರವೇ,

ಹೇಗಿದ್ದೀ ಮಗಾ? ಕಾಲಿನ ಬಾವು ಇಳಿಯಿತೇ? ವಡೋದರದ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದ ಮೇಲೆ ಏಳಬೇಡ, ಅಷ್ಟೇ. ಅಳಿಯ ಹಿತೇಶರೇ ಅಡುಗೆ ಮಾಡುತ್ತಿದ್ದಾರೆಂದು ಕೇಳಿ ಖುಷಿಯಾಯಿತು. ಸಾರು ನೀರುನೀರಾದರೂ ಹೊಗಳಿ ಉಣ್ಣು, ಗಂಡಸರನ್ನು ಹೊಗಳಿದರೆ ಮಾತ್ರ ಮರುದಿನ ಸೌಟು ಹಿಡಿಯುವುದು. ದಿನವೂ ಫೋನ್ ಮಾಡುವ ಅಮ್ಮ ಪತ್ರ ಬರೆದಳಲ್ಲ ಎಂದು ಗಾಬರಿಯಾಗಬೇಡ. ಈ ಮನೆಯಲ್ಲಿ ಎಲ್ಲಿ ನಿಂತು ಮಾತಾಡಿದರೂ ನಿನ್ನ ಪಪ್ಪನಿಗೆ ಕೇಳಿಸುತ್ತದೆ. ಈಗ ಅವರು ಅಂಬರನಾಥದ ಹೋಟೆಲಿಗೆ ಹೋಗಿದ್ದಾರೆ. ಹೋಗಬೇಡಿ ಎಂದರೆ, ಗಲ್ಲಾದಲ್ಲಿ ಕೂತುಕೊಳ್ಳುವುದಕ್ಕೇನು ಕಷ್ಟ ಎನ್ನುತ್ತಾರೆ. ಕೂರುವ ಜೀವವೇ ಅದು? ಗಳಿಗೆಗೊಮ್ಮೆ ಒಳಗೆ ಹೋಗಿ ಸಾಂಬಾರು ಕದಡಿ ನೋಡದಿದ್ದರೆ ಅವರಿಗೆ ತಿಂದದ್ದು ಜೀರ್ಣವಾಗುವುದಿಲ್ಲ.

ವಿಮೆ ಕಂಪನಿಯ ಮೇಲಿನ ಕೇಸು ನಡೆಯುತ್ತಿದೆ ಎಂದಷ್ಟೇ ನಿನಗೆ ಗೊತ್ತು. ಬಸುರಿಗೆ ಯಾಕೆ ಚಿಂತೆ ಎಂದು ಉಳಿದದ್ದನ್ನು ಹೇಳಿರಲಿಲ್ಲ. ಕಳೆದ ವರ್ಷ ಪಪ್ಪನಿಗೆ ಎದೆನೋವು ಬಂದು ಆಪರೇಷನ್ನಿಗೆಂದು ಆಸ್ಪತ್ರೆಗೆ ಸೇರಿಸಿದಾಗ, ಅಲ್ಲಿಯ ಸಣ್ಣ ಪ್ರಾಯದ ಡಾಕ್ಟರು ಊಟತಿಂಡಿಯ ವಿಷಯ ಕೇಳಿದರು. ನಿನ್ನ ತಮ್ಮ ಸಾತ್ವಿಕ, ಕನ್ನಡದಲ್ಲಿ ಕೇಳಿದರೂ ಹಿಂದಿಯಲ್ಲಿ ಉತ್ತರಿಸುವ ನಮ್ಮ ಪುಣ್ಯಾತ್ಮ, “ಪಪ್ಪಾ ತೋ ಸಾಲೋಂ ಸೇ ರಾತ್ ಕೋ ನಮಕ್ ನಹೀ ಖಾತೇ” ಎಂದ. ವರ್ಷಗಳಿಂದ ರಾತ್ರಿ ಉಪ್ಪು ತಿನ್ನುವುದಿಲ್ಲ ಎಂದದ್ದು ಸುಳ್ಳೇನೂ ಅಲ್ಲವಲ್ಲ. ಡಾಕ್ಟರು ಹಾಗೆಯೇ ಬರೆದುಕೊಂಡರು. ಕಂಪನಿಯವರು ಆ ಸಾಲನ್ನೇ ಹಿಡಿದುಕೊಂಡು, ಬಿ.ಪಿ. ಇಲ್ಲದೆ ಯಾರಾದರೂ ವರ್ಷಗಟ್ಟಲೆ ಉಪ್ಪು ಬಿಡುತ್ತಾರೆಯೇ, ಹಳೆಯ ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದೀರಿ ಎಂದು ಕ್ಲೇಮನ್ನು ತಳ್ಳಿಹಾಕಿದರು. ಪಾಲಿಸಿಯನ್ನೂ ರದ್ದು ಮಾಡಿದರು. ಈಗ ಇನ್ನೊಂದು ಆಪರೇಷನ್ ಬೇಗ ಆಗಲೇಬೇಕಂತೆ. ಇವರು ಕೇಸು ಮುಗಿಯಲಿ ಎಂದು ಮುಂದೂಡುತ್ತಲೇ ಇದ್ದಾರೆ. ಮೆಟ್ಟಿಲು ಹತ್ತಿ ಬಂದರೆ ಮಾತಾಡಲು ಉಸಿರಿರುವುದಿಲ್ಲ. ನನಗೆ ಭಯವಾಗುತ್ತದೆ ಅಮ್ಮೂ.

ನಮ್ಮ ವಕೀಲ ಗುರುನಾಥರು ಧಾರವಾಡದ ಕಡೆಯವರು, ಕಲ್ಯಾಣದಲ್ಲಿ ಆಫೀಸು. ಹಿಂದಿನ ತೀರ್ಪುಗಳನ್ನೆಲ್ಲ ಬಿಡಿಸಿ ಹೇಳಿದರು. ಕಾಯಿಲೆ ಮೊದಲೇ ಇತ್ತೆಂದು ತೋರಿಸುವ ಹೊಣೆ ಕಂಪನಿಯದಂತೆ, ಆಸ್ಪತ್ರೆಯಲ್ಲಿ ಗೀಚಿದ ಒಂದು ಸಾಲು ಅದಕ್ಕೆ ಸಾಲದಂತೆ. ಕೇಳಿ ಹೋದ ಜೀವ ಬಂದ ಹಾಗಾಯಿತು. ಆದರೆ ಗೊತ್ತಿದ್ದೂ ಮುಚ್ಚಿಟ್ಟವರಿಗೆ ಬಿಡಿಗಾಸೂ ಕೊಡಿಸದ ತೀರ್ಪುಗಳೂ ಇವೆಯಂತೆ. ನಮ್ಮನ್ನು ಯಾವ ಕಡೆಗೆ ಸೇರಿಸುತ್ತಾರೋ ಯಾರಿಗೆ ಗೊತ್ತು? ಕಳೆದ ತಾರೀಖಿಗೆ ಥಾಣೆಯ ಗ್ರಾಹಕ ಆಯೋಗದಲ್ಲಿ, ಮೇಲೆ ಕೂತಿದ್ದ ಮೇಡಂ ಅವರೇ ಉಪ್ಪು ಯಾಕೆ ಬಿಟ್ಟಿರಿ ಎಂದು ನೇರವಾಗಿ ಕೇಳಿದರು. ನಿನ್ನ ಪಪ್ಪ ನೆಲ ನೋಡುತ್ತ ನಿಂತರು. ಕಂಪನಿಯ ವಕೀಲ ನಕ್ಕ. ಹೊರಗೆ ಬಂದ ಮೇಲೆ ಗುರುನಾಥರು, “ಅಕ್ಕಾರ, ಯಜಮಾನ್ರಿಗೆ ಬಾಯಿ ಬಿಡ್ಲಿಕ್ಕ ಹೇಳ್ರಿ. ಹಿಂಗ ಸುಮ್ನ ನಿಂತ್ರ ಕಂಪನಿಯವ್ರು ಹೇಳಿದ್ದ ಖರೇ ಆಗ್ತದ” ಎಂದರು. ಬರುವ ವಾರ ಗುರುವಾರ ಕೊನೆಯ ಅವಕಾಶ. ಕಾರಣವನ್ನು ಪಪ್ಪನೇ ಪ್ರಮಾಣ ಮಾಡಿ ಹೇಳಬೇಕು, ಆಮೇಲೆ ತೀರ್ಪು.

ಅದು ಹರಕೆ. ಪಪ್ಪನ ನಾಲಿಗೆಯೇ ಸಪ್ಪೆ ಎಂದು ನೀವಿಬ್ಬರೂ ತಮಾಷೆ ಮಾಡುತ್ತಿದ್ದಿರಿ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಊರವರಿಗೆಲ್ಲ ಉಪ್ಪು ಖಾರ ಹದ ಮಾಡಿ ಬಡಿಸುವ ಮನುಷ್ಯ ರಾತ್ರಿ ಮನೆಗೆ ಬಂದು ಸಪ್ಪೆ ಗಂಜಿ ಕುಡಿಯುವುದನ್ನು ನೋಡುತ್ತ ನನ್ನ ಅರ್ಧ ಆಯುಷ್ಯ ಕಳೆಯಿತು. ಯಾರಿಗಾಗಿ ಹರಕೆ ಹೊತ್ತದ್ದೋ ಅವರ ಕಿವಿಗೆ ಅದು ಬೀಳಬಾರದು, ಬಿದ್ದರೆ ಫಲ ನಿಲ್ಲುವುದಿಲ್ಲ ಎಂದು ನಿನ್ನ ಅಜ್ಜಿ ಹೇಳಿಹೋಗಿದ್ದಾರೆ. ಕೋರ್ಟಿನಲ್ಲಿ ಹೇಳಿದ್ದು ಹೇಗಾದರೂ ಆ ಕಿವಿ ಮುಟ್ಟದೇ ಇರುತ್ತದೆಯೇ ಎಂಬುದು ಇವರ ಹೆದರಿಕೆ. ಬೇಡಿಕೊಂಡೆ, ಜಗಳವಾಡಿದೆ. ನಾನೇ ಹೇಳುತ್ತೇನೆ ಎಂದರೆ ಕೇಸೇ ವಾಪಸು ತೆಗೆಯುತ್ತೇನೆ ಎಂದರು. “ಅದೊಂದು ಹೇಳ್ಲಿಕ್ಕಿಲ್ಲ ಮಾರಾಯ್ತಿ. ಕೇಸು ಹೋದ್ರೆ ಹೋಗ್ಲಿ” ಎಂದು ಟಿವಿ ಜೋರು ಮಾಡಿ ಕೂತರು. ಕೇಸು ಮಾತ್ರ ಹೋಗುವುದಾಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ.

ಹಿತೇಶರಿಗೆ ನನ್ನ ಆಶೀರ್ವಾದ, ನಿನ್ನ ಅತ್ತೆಯವರಿಗೆ ನಮಸ್ಕಾರ ಹೇಳು. ಹೊತ್ತುಹೊತ್ತಿಗೆ ಉಣ್ಣು. ಎರಡು ಜೀವ ಸುಖವಾಗಿ ಬೇರೆಯಾಗಲಿ, ನನ್ನ ಆಯುಷ್ಯವೂ ನಿಮಗಿರಲಿ.

ನಿನ್ನ ಅಮ್ಮ,
ವೇದಾವತಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಆ ಹರಕೆ ಹೊತ್ತದ್ದು ನಿನಗಾಗಿ. ನಾವು ದಿವಾದಲ್ಲಿದ್ದಾಗ, ತೊಟ್ಟಿಲ ಕೂಸು ನೀನು, ನ್ಯುಮೋನಿಯಾ ಆಗಿ ತುಟಿ ನೀಲಿಗಟ್ಟಿತ್ತು. ಡಾಕ್ಟರು ಕೈಚೆಲ್ಲಿದ ಸಂಜೆ ಪಪ್ಪ ಆಸ್ಪತ್ರೆಯ ಬಾಗಿಲಲ್ಲೇ ಕೈಮುಗಿದು, ಮಗು ಉಳಿದರೆ ಅವಳು ಬದುಕಿರುವಷ್ಟು ಕಾಲ ರಾತ್ರಿ ಉಪ್ಪು ಮುಟ್ಟುವುದಿಲ್ಲ ಎಂದರು. ಈಗ ನಿನ್ನ ಹೊಟ್ಟೆಯಲ್ಲೂ ಒಂದು ಜೀವವಿದೆ, ಅವರು ಹೇಗೆ ಬಾಯಿ ಬಿಟ್ಟಾರು? ನಿನಗೆ ತಿಳಿಸಿಬಿಟ್ಟೆ. ಓದಿದ ಕೂಡಲೇ ಅವರಿಗೆ ಫೋನ್ ಮಾಡು. ಕೇಸಿನ ಮಾತು ಆಮೇಲೆ. ಮೊದಲು, ನನಗೆಲ್ಲ ಗೊತ್ತಾಯಿತು ಪಪ್ಪ, ನನಗೇನೂ ಆಗಿಲ್ಲ, ಮಗು ಒದೆಯುತ್ತಿದೆ ಎಂದು ಹೇಳು.